ಹೊಲಿಗೆಗೆ ಬಿಟ್ಟ ಎರಡು ಬೆರಳು

"ಇಂಜಿನ್ನು ಕೆಟ್ಟು ನಿಂತಿದೆ ಕಣ್ರೋ, ಯಾರಾದ್ರೂ ಬಂದು ತಳ್ಳಿ!"

ಪುಕ್ಕಲ ಹೀಗೆ ಕೂಗಿದಾಗ ಗಾಜಿನಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನು ಚಾಚಿದ ಸಿಗರೇಟು ಪ್ಯಾಕು ಇಂಜಿನ್ನಿನ ಮೂಗಿನ ಕೆಳಗೇ ಇತ್ತು. ಒಂದು ಸಿಗರೇಟು ಅರ್ಧ ಹೊರಗೆ ಬಂದು ಬಾ ಬಾ ಅನ್ನುತ್ತಿತ್ತು. ಇಂಜಿನ್ನು ಅದನ್ನು ನೋಡಿದ. ನೋಡಿದ ಅಂದರೆ, ಹಸಿದವನು ಪಕ್ಕದವನ ತಟ್ಟೆ ನೋಡುವ ಹಾಗೆ ನೋಡಿದ. ಆಮೇಲೆ ಕಿಸೆಯಿಂದ ಒಂದು ಬೆಂಕಿಕಡ್ಡಿ ತೆಗೆದು ಹಲ್ಲಿನ ಸಂದಿಯಲ್ಲಿ ಸಿಕ್ಕಿಸಿಕೊಂಡು, "ಬೇಡ" ಎಂದು ಮೇಜಿನ ಮೇಲಿನ ಗಾಜಿಗೆ ಬಾಗಿದ.

ತುಟಿಯಲ್ಲಿ ಸಿಗರೇಟು ಹೊಗೆಯಾಡುತ್ತಿದ್ದರೇ ಅವನ ಕೈ ಓಡುವುದು ಎಂದು ಅಂಗಡಿಯಲ್ಲಿ ಎಲ್ಲರೂ ನಂಬಿದ್ದರು. ಅವನೂ ನಂಬಿದ್ದ. ಇಂಜಿನ್ನು ಅನ್ನುವ ಹೆಸರು ಬಂದದ್ದು ಅದರಿಂದಲೇ. ಅವನ ಜೊತೆ ಗಾಜು ಹೊರುವವನಿಗೆ ಪುಕ್ಕಲ ಅನ್ನುವ ಹೆಸರು ಬಂದದ್ದು, ಕೆಲಸಕ್ಕೆ ಸೇರಿದ ಮೊದಲ ದಿನ ಗಾಜು ಸೀಳುವ ಸದ್ದಿಗೆ ಹೆದರಿ ಕಣ್ಣು ಮುಚ್ಚಿ ಗೋಡೆಗೆ ಅಂಟಿ ನಿಂತದ್ದರಿಂದ. ಈಗ ಅವನ ತಲೆಯೂ ನರೆತಿದೆ, ಆಳೆತ್ತರದ ಗಾಜನ್ನು ಒಬ್ಬನೇ ಎತ್ತುತ್ತಾನೆ. ಹೆಸರು ಮಾತ್ರ ಬಿಟ್ಟು ಹೋಗಲಿಲ್ಲ.

ಅಂದು ಒಬ್ಬ ಗಿರಾಕಿ ಬಾಗಿಲಲ್ಲಿ ನಿಂತು ತನ್ನ ಕಪಾಟಿನ ಅಳತೆ ಹೇಳಿದ. ಇಂಜಿನ್ನು ತಲೆ ಎತ್ತದೆ, ಆ ಅಳತೆಯಲ್ಲಿ ಒಂದು ಚೂರು ಕಳೆದು, ಕಳೆದ ಲೆಕ್ಕವನ್ನೇ ಬಾಯಲ್ಲಿ ಹೇಳಿಕೊಂಡು ಗೀರು ಎಳೆದ. ಚೌಕಟ್ಟು ಎಷ್ಟೇ ಇರಲಿ, ಗಾಜು ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಮರ ಉಬ್ಬುತ್ತದೆ, ಕುಗ್ಗುತ್ತದೆ. ಗಾಜಿಗೆ ಉಸಿರಾಡಲು ಜಾಗ ಇಲ್ಲದಿದ್ದರೆ ಒಂದು ದಿನ ತನ್ನಷ್ಟಕ್ಕೆ ತಾನೇ ಚಟ್ ಅನ್ನುತ್ತದೆ. ಇದನ್ನು ಅವನಿಗೆ ಯಾರೂ ನೆನಪು ಮಾಡಬೇಕಿರಲಿಲ್ಲ. ಚಪ್ಪಲಿ ಬಿಡುವಾಗ ಯಾರಾದರೂ ಯೋಚನೆ ಮಾಡುತ್ತಾರಾ, ಹಾಗೆ.

ಸಿಗರೇಟು ಯಾಕಪ್ಪಾ ಬಿಟ್ಟೆ ಎಂದು ಕೇಳಿದವರಿಗೆಲ್ಲ "ಕೆಮ್ಮು" ಅಂದುಬಿಡುತ್ತಿದ್ದ. ಕೆಮ್ಮಂತೆ ಕೆಮ್ಮು! ಕೆಮ್ಮಿಗೆ ಹೆದರುವ ಆಸಾಮಿಯಾಗಿದ್ದರೆ ಯಾವತ್ತೋ ಬಿಡುತ್ತಿದ್ದ. ನಿಜ ಏನೆಂದರೆ, ಹೆಂಡತಿಯ ಮುಂದೆ ಅವನ ಬಾಯಿಂದ ಒಂದು ಮಾತು ಜಾರಿತ್ತು.

ಅವರದು ಮಹಡಿಯ ಮೇಲಿನ ಒಂದೂವರೆ ಕೋಣೆಯ ಸ್ವಂತ ಮನೆ. ಮುಂದಿನ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ. ಹಿಂದಿನ ಅರ್ಧ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ನೆತ್ತಿಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು. ಅಲ್ಲಿ ಕಿಟಕಿ ಇಲ್ಲ. ಹಿಂದಿನ ಗೋಡೆಯ ಆಚೆಗೆ ಶಾಲೆಯ ಆಟದ ಬಯಲು. ಮನೆಯ ಗೋಡೆಯೇ ಬಯಲಿಗೂ ಗೋಡೆ. ಸಂಜೆ ಗಂಟೆ ಹೊಡೆದರೆ ಸಾಕು, ಕತ್ತಲಾಗುವವರೆಗೂ ಮಕ್ಕಳ ಗಲಾಟೆ ಆ ಇಟ್ಟಿಗೆಗಳನ್ನು ದಾಟಿ ಅವಳ ಯಂತ್ರದ ಸದ್ದಿನ ಜೊತೆ ಸೇರುತ್ತಿತ್ತು.

ಅವರಿಗೆ ಮಕ್ಕಳಿಲ್ಲ. ಆ ವಿಷಯ ಆ ಮನೆಯಲ್ಲಿ ಮಾತಾಡಿ, ಅತ್ತು, ಆಸ್ಪತ್ರೆ ಸುತ್ತಿ, ಎಂದೋ ಮುಗಿದುಹೋಗಿತ್ತು. ಮುಗಿದಿದೆ ಎಂದು ಇಬ್ಬರೂ ಅಂದುಕೊಂಡಿದ್ದರು.

ಅವಳು ಆ ದನಿಗಳಿಗೆಲ್ಲ ಹೆಸರಿಟ್ಟಿದ್ದಳು. ಸಿಕ್ಕಿಬಿದ್ದಾಗಲೆಲ್ಲ "ನಾನಲ್ಲ, ನಾನಲ್ಲ" ಎಂದು ಕೂಗುವವನು ನಾನಲ್ಲ. ಗಂಟಲಲ್ಲಿ ಮರಳು ಹಾಕಿಕೊಂಡ ಹಾಗೆ ಮಾತಾಡುವವನು ಗೊಗ್ಗರ. ಎಲ್ಲರಿಗಿಂತ ಮೇಲೆ, ಕಿವಿ ತೂತು ಬೀಳುವ ಹಾಗೆ ಕಿರುಚುವವಳು ಪೀಪಿ. ಪೀಪಿಯ ದನಿ ಮೊದಲ ಸಲ ಕೇಳಿದಾಗ ಅದಕ್ಕೆ 'ರ' ಹೇಳಲು ಬರುತ್ತಿರಲಿಲ್ಲ, "ಓಡೋ" ಅನ್ನುವುದು ಬಿಟ್ಟು ಬೇರೇನೂ ಸರಿಯಾಗಿ ಬರುತ್ತಿರಲಿಲ್ಲ. ಈಗ ಆಟದ ನ್ಯಾಯ ತೀರ್ಮಾನವೆಲ್ಲ ಅವಳದೇ. ಅವಳು ಎರಡು ದಿನ ಕೇಳಿಸದಿದ್ದರೆ ಹೊಲಿಗೆಯವಳಿಗೆ ಸೂಜಿಗೆ ದಾರ ಪೋಣಿಸಲೂ ಮನಸ್ಸಾಗುತ್ತಿರಲಿಲ್ಲ. ಮುಖ ಮಾತ್ರ ಒಂದನ್ನೂ ನೋಡಿರಲಿಲ್ಲ. ಶಾಲೆಯ ಗೇಟು ಬೇರೆ ಬೀದಿಗಿತ್ತು. ಒಮ್ಮೆ ಹೋಗಿ ನಿಂತಿದ್ದಳು, ನಿಜ. ಒಂದೇ ಬಣ್ಣದ ಬಟ್ಟೆಯಲ್ಲಿ ಒಂದೇ ಸಮ ಹೊರಗೆ ಸುರಿದ ಮಕ್ಕಳಲ್ಲಿ ಯಾರು ಯಾರೆಂದು ತಿಳಿಯಲಿಲ್ಲ. "ಯಾರು ಬೇಕಿತ್ತಮ್ಮಾ?" ಎಂದು ಕಾವಲುಗಾರ ಕೇಳಿದಾಗ ಏನು ಹೇಳುವುದು! "ಯಾರೂ ಇಲ್ಲ" ಎಂದು ತಿರುಗಿ ಬಂದಿದ್ದಳು.

ಇನ್ನು ಅವನ ಸಿಗರೇಟು. ಮದುವೆಯಾದ ಹೊಸದರಲ್ಲಿ ಮನೆಯೊಳಗೇ ಸೇದುತ್ತಿದ್ದ. ಒಂದು ದಿನ ಯಾರೋ ಮಗುವಿನ ಫ್ರಾಕನ್ನು ಮೂಸಿ ನೋಡಿ, "ಇದೇನ್ರೀ, ಒಲೆಯೊಳಗಿಟ್ಟು ಹೊಲಿದ್ರಾ?" ಎಂದು ಅಲ್ಲೇ ಬಿಸಾಕಿ ಹೋದರು. ಅಂದಿನಿಂದ ಅವನಿಗೆ ತಾರಸಿಯೇ ಗತಿಯಾಯಿತು. ಮೆಟ್ಟಿಲ ಪಕ್ಕದ ಕಬ್ಬಿಣದ ಏಣಿ ಹತ್ತಿ ಮೇಲೆ ಹೋಗುವುದು, ಸಂಜೆಯ ಸಿಗರೇಟು ಸೇದುವುದು, ಇಳಿಯುವುದು. ಅವಳಿಗೆ ಚಿಕ್ಕಂದಿನಿಂದ ಎಡಗಾಲು ಸ್ವಲ್ಪ ಗಿಡ್ಡ. ಮನೆಯ ಮೆಟ್ಟಿಲನ್ನೇ ಕಂಬಿ ಹಿಡಿದು ಹತ್ತುವವಳಿಗೆ ನೆಟ್ಟಗೆ ನಿಂತ ಆ ಏಣಿಯ ಮಾತೇ ಇರಲಿಲ್ಲ.

ಮಾತು ಜಾರಿದ ಆ ಸಂಜೆ ಅವನು ಸೇದಿ ಇಳಿದು ಬಂದು ನೀರು ಕುಡಿಯುತ್ತಿದ್ದ. ಗೋಡೆಯ ಆಚೆ ಜೋರು ಅಳು. ಅವಳು ಯಂತ್ರ ನಿಲ್ಲಿಸಿ ಕಿವಿಗೊಟ್ಟಳು.

"ಅಯ್ಯೋ, ಪೀಪಿ ಅಳ್ತಿದಾಳೆ. ಯಾರು ಹೊಡೆದ್ರೋ ಏನೋ."

"ಯಾರೂ ಹೊಡೀಲಿಲ್ಲ. ಯಾವುದೋ ಹುಡುಗಿ ಮರದ ಬೇರಿಗೆ ಎಡವಿ ಬಿದ್ಲು, ಅಷ್ಟೆ."

ಯಂತ್ರದ ಚಕ್ರದ ಮೇಲಿದ್ದ ಅವಳ ಕೈ ಹಾಗೇ ನಿಂತಿತು.

"ಅಲ್ಲಿ ಮರ ಇದೆಯಾ?" ಎಂದಳು.

ಅವನಿಗೆ ಆಗಲೂ ಹೊಳೆಯಲಿಲ್ಲ. "ಇದೆಯಲ್ಲ, ದೊಡ್ಡದು. ಮೇಲಿಂದ ಎಲ್ಲ ಕಾಣುತ್ತೆ," ಎಂದು ಲೋಟ ಕೆಳಗಿಟ್ಟ. ಇಟ್ಟ ಮೇಲೆ ಅವಳ ಮುಖ ನೋಡಿದ.

"ಇಷ್ಟು ವರ್ಷ ನಿಮಗೆ ಕಾಣ್ತಿತ್ತು," ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಇಲ್ಲಿ ಕೂತು ನಾನು ಅದು ಯಾರು, ಇದು ಯಾರು ಅಂತ ಒದ್ದಾಡ್ತಿದ್ದೆ. ಒಂದು ದಿನ ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ನೀನು ಕೇಳ್ಲಿಲ್ವಲ್ಲೇ."

"ಕಾಣುತ್ತೆ ಅಂತ ಗೊತ್ತಿದ್ರೆ ತಾನೆ ಕೇಳೋದು."

ಅಷ್ಟೇ ಮಾತು. ಅವಳು ಮತ್ತೆ ಪೆಡಲು ತುಳಿದಳು. ಊಟಕ್ಕೆ ಬಡಿಸಿದಳು, ದೀಪ ಆರಿಸಿದಳು, ಮಗ್ಗಲು ಬದಲಿಸಿ ಮಲಗಿದಳು. ಅವನು ಮರುದಿನ ಸಂಜೆ ತಾರಸಿಗೆ ಹೋಗಿ ಸಿಗರೇಟು ತುಟಿಗಿಟ್ಟು ಬಯಲಿನ ಕಡೆ ನೋಡಿದ. ಎಷ್ಟೋ ಸಾವಿರ ಸಲ ಇಲ್ಲೇ ನಿಂತು, ಈ ಕಡೆಗೇ ಮುಖ ಮಾಡಿ, ಏನನ್ನೂ ನೋಡದೆ ಹೊಗೆ ಬಿಟ್ಟಿದ್ದೆನಲ್ಲ ಅನ್ನಿಸಿತು. ನಾಚಿಕೆಯಾಯಿತು. ಹೊತ್ತಿಸದೆಯೇ ಇಳಿದು ಬಂದ.

"ಈ ಗೋಡೆಗೆ ಕಿಟಕಿ ಇಡಿಸೋಣ," ಅಂದ.

"ದುಡ್ಡು?"

"ಸುಡ್ತಿದ್ನಲ್ಲ, ಅದೇ."

ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ, ಇಂಥ ಮಾತು ಈ ಹಿಂದೆ ಕೊಟ್ಟು ಮಧ್ಯಾಹ್ನಕ್ಕೆಲ್ಲ ನುಂಗಿದ್ದ ಗಂಡ ಅವನು. ಆದರೆ ಈ ಸಲ ಅವನು ಅಂಗಡಿಯಲ್ಲಿ ಬಿದ್ದ ಗಾಜಿನ ತುಂಡುಗಳನ್ನು ಆಯ್ದು ತಂದು, ಅಂಟು ಹಾಕಿ, ಒಂದು ಪೆಟ್ಟಿಗೆ ಮಾಡಿದ. ಮೇಲೆ ಒಂದು ಸೀಳು, ಅಷ್ಟೆ. ಮುಚ್ಚಳವಿಲ್ಲ, ಬೀಗವಿಲ್ಲ. ಹಾಕಿದ್ದು ಕಾಣುತ್ತದೆ, ತೆಗೆಯಲು ಬರುವುದಿಲ್ಲ. ಅದನ್ನು ಅವಳ ಕತ್ತರಿ, ಸೀಮೆಸುಣ್ಣಗಳ ಪಕ್ಕದಲ್ಲೇ ಇಟ್ಟು, ದಿನವೂ ಪ್ಯಾಕಿನ ದುಡ್ಡನ್ನು ಅದಕ್ಕೆ ಹಾಕತೊಡಗಿದ.

ಬಿಡುವುದೇನು ಸುಮ್ಮನೆಯೇ! ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳವಾಡಿದ. ಸಕ್ಕರೆ ಡಬ್ಬಿಗೆ ಕದ್ದು ಕೈ ಹಾಕಿದ. ಕಾರಣವಿಲ್ಲದೆ ಕಣ್ಣಲ್ಲಿ ನೀರು ಬರುತ್ತಿತ್ತು; ಕೇಳಿದರೆ ಗಾಜಿನ ಪುಡಿ ಬಿತ್ತು ಅನ್ನುತ್ತಿದ್ದ. ಬೆರಳುಗಳಿಗೆ ಕೆಲಸವಿಲ್ಲದೆ ಅಂಗಿಯ ಗುಂಡಿ ತಿರುಗಿಸಿ ತಿರುಗಿಸಿ ಕಿತ್ತುಕೊಳ್ಳುತ್ತಿದ್ದ, ಅವಳು ಮತ್ತೆ ಹಾಕಿಕೊಡುತ್ತಿದ್ದಳು. "ಸೇದೋದು ಬಿಟ್ಟು ನನಗೆ ಕೆಲಸ ಹಚ್ಚಿದ್ರಲ್ಲ," ಎಂದು ದಾರವನ್ನು ಹಲ್ಲಿನಿಂದ ಕಡಿಯುತ್ತ ನಗುತ್ತಿದ್ದಳು. ಆ ನಗು ಬಂದದ್ದು ಅವನಿಗೆ ಎಷ್ಟೋ ಸಮಾಧಾನ.

ಕಿಟಕಿ ಬರುವವರೆಗೆ ತಾನೇ ಅವಳ ಕಣ್ಣಾಗುತ್ತೇನೆ ಎಂದು ಸಂಜೆ ಏಣಿ ಹತ್ತಿ ಕೂಗಿ ಹೇಳಲೂ ನೋಡಿದ. ಅವಳು ಕೆಳಗೆ ಏಣಿಯ ಬುಡದಲ್ಲಿ ನಿಂತು ಕತ್ತೆತ್ತಿ ಕೇಳುವಳು.

"ಈಗ ಕೂಗಿದ್ದು ಯಾರು?"

"ಒಂದು ಹುಡುಗ."

"ಹುಡುಗ ಅಂತ ನನಗೂ ಗೊತ್ತಾಗುತ್ತೆ. ಹೇಗಿದಾನೆ?"

"ಹುಡುಗರ ಹಾಗಿದಾನೆ. ಓಡ್ತಿದಾನೆ."

"ಓಡೋದೂ ಕೇಳ್ಸುತ್ತೆ ಕಣ್ರೀ! ಪೀಪಿ ಎಲ್ಲಿ, ಪೀಪಿ ಯಾವುದು ನೋಡಿ."

ಅವನು ನೋಡುವನು. ಅಷ್ಟು ದೂರದಿಂದ ಯಾವ ದನಿ ಯಾವ ಬಾಯಿಂದ ಹೊರಟಿತು ಎಂದು ತಿಳಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ತಾರಸಿಯ ಮೂಲೆಯಲ್ಲಿ ನಿಂತರೆ ಸಾಕು, ಅವನ ಇಡೀ ಮೈ ಸಿಗರೇಟು ಸಿಗರೇಟು ಎಂದು ಬಡಿದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆವರಿ ಇಳಿದುಬಿಡುತ್ತಿದ್ದ. "ಹೇಳೋಕೆ ಬರಲ್ಲ ಕಣೇ ನನಗೆ," ಎಂದು ಒಂದು ದಿನ ಒಪ್ಪಿಕೊಂಡ. "ಬಿಡಿ," ಅಂದಳು ಅವಳು, "ಕಿಟಕಿ ಬರುತ್ತಲ್ಲ."

ಒಮ್ಮೆ ತಪ್ಪಿದ. ಅಂಗಡಿಯಲ್ಲಿ ಯಾರದೋ ದೊಡ್ಡ ಕನ್ನಡಿ ಅವನ ಕೈಯಲ್ಲೇ ಬಿರುಕು ಬಿಟ್ಟಿತು. ಯಜಮಾನ ಎಲ್ಲರೆದುರು ಬೈದ. ಹಿಂದಿನ ಓಣಿಗೆ ಹೋಗಿ ಪುಕ್ಕಲನ ಬಾಯಲ್ಲಿದ್ದುದನ್ನೇ ಕಿತ್ತುಕೊಂಡು ಕೊನೆಯವರೆಗೂ ಎಳೆದ. ಆಹಾ, ಎಂಥ ಸುಖ ಅದು, ಸುಳ್ಳು ಯಾಕೆ ಹೇಳಬೇಕು. ಮನೆಗೆ ಬರುವ ಮೊದಲು ಬಾಯಿ ಮುಕ್ಕಳಿಸಿ, ಕೈ ತೊಳೆದು, ಏನೇನೋ ಮಾಡಿದ. ಅವಳು ಬಾಗಿಲು ತೆಗೆದು ಅವನ ಮುಖ ನೋಡಿ ಒಳಗೆ ಹೋದಳು. ತಟ್ಟೆ ಇಡುವಾಗ, "ಪೀಪಿಗೆ ಇದು ಈ ಶಾಲೇಲಿ ಕೊನೇ ವರ್ಷ ಅಂತೆ," ಅಂದಳು.

"ಯಾರು ಹೇಳಿದ್ರು?"

"ಅವಳೇ. ಗೊಗ್ಗರನಿಗೆ ಹೇಳ್ತಿದ್ಲು. ರಜೆ ಆದ್ಮೇಲೆ ದೊಡ್ಡ ಶಾಲೆಗೆ ಹೋಗ್ತಾಳಂತೆ." ಅನ್ನ ಬಡಿಸುತ್ತ ಅಂದಳು, "ಆಮೇಲೆ ಕಿಟಕಿ ಇಟ್ಟು ಯಾರನ್ನ ನೋಡ್ಲಿ?"

ಅವನು ಎದ್ದು ಕೈ ತೊಳೆದ. ಅದೇ ಕೊನೆ, ಆಮೇಲೆ ಅವನು ಸೇದಲಿಲ್ಲ.

ಪೆಟ್ಟಿಗೆ ತುಂಬುತ್ತ ಬಂತು. ಗಾಜಿನವನಾಗಿದ್ದೂ ಅದನ್ನು ಒಡೆಯಲು ಅವನಿಗೆ ಮನಸ್ಸು ಬರಲಿಲ್ಲ. ಬ್ಲೇಡಿನಿಂದ ಅಂಟನ್ನು ಸುತ್ತಲೂ ಬಿಡಿಸಿ, ಮೇಲಿನ ತುಂಡನ್ನು ಮೆಲ್ಲಗೆ ಎತ್ತಿದ. ಶಾಲೆಯ ದೊಡ್ಡ ಟೀಚರನ್ನು ಕೇಳಿ ಬಂದದ್ದಾಯಿತು. "ಇಡಿಸ್ಕೊಳ್ಳಿ, ನಮ್ಮದೇನೂ ಅಭ್ಯಂತರ ಇಲ್ಲ. ಆದ್ರೆ ಬಾಲ್ ಬಂದು ಗಾಜು ಒಡೆದ್ರೆ ನಮ್ಮನ್ನ ಕೇಳ್ಬೇಡಿ," ಎಂದಿದ್ದರು. ಅವನಿಗೆ ಅದೇ ಬೇಕಾಗಿತ್ತು. "ಬಾಲ್ ಅಲ್ಲ, ಕಲ್ಲು ಬಿದ್ರೂ ಏನೂ ಆಗದ ಗಾಜು ಹಾಕ್ತೀನಿ," ಎಂದು ಮನೆಯಲ್ಲಿ ಎದೆಯುಬ್ಬಿಸಿದ. ಕುಲುಮೆ ಗಾಜು ಎಂದು ಅವರು ಕರೆಯುವ ಗಾಜು ಅದು. ಮೊದಲು ಅಳತೆಗೆ ಕೊಯ್ಯಬೇಕು, ಆಮೇಲೆ ಕಾರ್ಖಾನೆಗೆ ಕಳಿಸಿ ಕುಲುಮೆಯಲ್ಲಿ ಕಾಯಿಸಬೇಕು. ಕಾಯಿಸಿದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಒಂದು ಕೂದಲಷ್ಟು ಕೊಯ್ಯಲು ಹೋದರೂ ಇಡೀ ಹಾಳೆ ಹರಳುಹರಳಾಗಿ ಸುರಿದುಬಿಡುತ್ತದೆ.

ಭಾನುವಾರ ಮೇಸ್ತ್ರಿ ಬಂದು ಗೋಡೆ ಒಡೆದ. ಮೊದಲ ಇಟ್ಟಿಗೆ ಆಚೆ ಬಿದ್ದಾಗ ಒಂದು ಅಂಗೈ ಅಗಲದ ಬೆಳಕು ಅವಳ ಯಂತ್ರದ ಮೇಲೆ ಬಿತ್ತು. ಅವಳು ಆ ಬೆಳಕಿನಲ್ಲಿ ಕೈ ಇಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಸಂಜೆಯ ಹೊತ್ತಿಗೆ ಮರದ ಚೌಕಟ್ಟು ಕೂತಿತು. ರಜಾ ದಿನವಾದ್ದರಿಂದ ಬಯಲು ಖಾಲಿ. ಮರ ಇತ್ತು, ಅದರ ಬೇರು ಇತ್ತು, ಯಾರೋ ಬಿಟ್ಟುಹೋದ ಒಂದು ಶೂ ಇತ್ತು. ಅವಳು ಆ ಶೂವನ್ನೇ ಬಹಳ ಹೊತ್ತು ನೋಡಿದಳು.

"ಅಳತೆ ತಗೋತೀನಿ, ಸ್ವಲ್ಪ ಆಚೆ ಸರಿ," ಎಂದು ಅವನು ಕಬ್ಬಿಣದ ಟೇಪು ತೆಗೆದ.

"ನೀವು ಬೇಡ, ನಾನು ತಗೋತೀನಿ."

"ನಿನಗ್ಯಾಕೆ?"

"ನನ್ನ ಕಿಟಕಿ. ಊರಿನವರಿಗೆಲ್ಲ ಅಳತೆ ತಗೊಂಡಿದೀನಿ, ನನಗೆ ನಾನು ತಗೊಳ್ಳೋಕೆ ಆಗಲ್ವಾ?"

ಕುತ್ತಿಗೆಯಲ್ಲಿ ಹಾವಿನ ಹಾಗೆ ಇಳಿಬಿಟ್ಟಿದ್ದ ಬಟ್ಟೆಯ ಟೇಪನ್ನು ಎಳೆದು ಅವಳು ಚೌಕಟ್ಟಿಗೆ ಹಿಡಿದಳು. ಉದ್ದ ಹಿಡಿದಳು, ಅಗಲ ಹಿಡಿದಳು, ತುಟಿಯಲ್ಲಿ ಗುಂಡುಸೂಜಿಗಳಿಲ್ಲದಿದ್ದರೂ ಇದ್ದ ಹಾಗೆ ಬಾಯಿ ಬಿಗಿಹಿಡಿದು ಲೆಕ್ಕ ಹೇಳಿದಳು. ಎಂಥ ಖುಷಿ ಅವಳ ಮುಖದಲ್ಲಿ! ಅದನ್ನು ನೋಡಿ ಅವನು ಟೇಪನ್ನು ಕಿಸೆಗೆ ಹಾಕಿಕೊಂಡ. ಅವಳು ಹೇಳಿದ್ದರಲ್ಲಿ ಎಂದಿನಂತೆ ಒಂದು ಚೂರು ಕಳೆದು, ಮರುದಿನ ಗಾಜು ಕೊಯ್ದು ಕಾರ್ಖಾನೆಯ ಲಾರಿಗೆ ಹಾಕಿದ.

ಸಿಮೆಂಟು ಒಣಗುವವರೆಗೆ ಮುಟ್ಟಬೇಡಿ ಎಂದು ಮೇಸ್ತ್ರಿ ಕಿಟಕಿಗೆ ಹಲಗೆ ಬಡಿದು ಹೋಗಿದ್ದ. ಗಾಜು ಬರುವವರೆಗೂ ಅದು ಹಾಗೇ ಇತ್ತು. ಹಲಗೆಯ ಸಂದಿಯಿಂದ ದನಿಗಳು ಮೊದಲಿಗಿಂತ ಹತ್ತಿರವಾಗಿ ಬರುತ್ತಿದ್ದವು. ಬೇಕಿದ್ದರೆ ಒಂದು ಕಣ್ಣಿಟ್ಟು ಇಣುಕಬಹುದಿತ್ತು. ಅವಳು ಇಣುಕಲಿಲ್ಲ. "ಇಷ್ಟು ದಿನ ಕಾದಿದೀನಿ, ಕದ್ದು ಯಾಕೆ ನೋಡ್ಲಿ. ಗಾಜು ಕೂತ್ಮೇಲೆ ಕುರ್ಚಿ ಹಾಕ್ಕೊಂಡು ನೋಡ್ತೀನಿ," ಅನ್ನುತ್ತಿದ್ದಳು. ಆದರೆ ಪೀಪಿ ಕಿರುಚಿದಾಗಲೆಲ್ಲ ಅವಳ ಹೊಲಿಗೆ ಡೊಂಕಾಗುತ್ತಿತ್ತು. ಶಾಲೆಗೆ ರಜೆ ಕೊಡುವ ದಿನ ಹತ್ತಿರ ಬಂದಿತ್ತು.

ಗಾಜು ಬಂದ ದಿನ ಯಜಮಾನ ಮಧ್ಯಾಹ್ನವೇ ಬಿಟ್ಟ. ಇಂಜಿನ್ನು, ಪುಕ್ಕಲ ಇಬ್ಬರೂ ಅದನ್ನು ಕಂಬಳಿಯಲ್ಲಿ ಸುತ್ತಿ, ಮೆಟ್ಟಿಲಲ್ಲಿ "ಮೆಲ್ಲಗೆ, ಮೆಲ್ಲಗೆ" ಎಂದು ಒಬ್ಬರಿಗೊಬ್ಬರು ಬೈದುಕೊಳ್ಳುತ್ತ ಮೇಲೆ ತಂದರು. ಪುಕ್ಕಲ ಹಲಗೆ ಕಿತ್ತ. ಅವಳು ಬೆನ್ನು ತಿರುಗಿಸಿ ನಿಂತಳು, ಈಗಲೇ ನೋಡಲಾರೆ ಎಂದು. ಶಾಲೆಯ ಗಂಟೆ ಇನ್ನೂ ಹೊಡೆದಿರಲಿಲ್ಲ.

"ಅಕ್ಕಾ, ಇದು ಅಂತಿಂಥ ಗಾಜಲ್ಲ," ಎಂದು ಪುಕ್ಕಲ ಕಂಬಳಿ ಬಿಚ್ಚುತ್ತ ಹೊಗಳಿದ. "ಇದು ಕೂತ್ರೆ ನಿಮಗೆ ಧೂಳಿಲ್ಲ, ಗಾಳಿ ಇಲ್ಲ. ಆಚೆ ಬ್ಯಾಂಡ್ ಬಾರಿಸಿದ್ರೂ ಒಳಗೆ ಗುಸುಗುಸು ಅನ್ನಲ್ಲ!"

ಅವಳು ತಿರುಗಿದಳು. "ಸದ್ದು ಬರಲ್ವಾ?"

"ಒಂಚೂರೂ ಇಲ್ಲ. ಆರಾಮಾಗಿ ಕೂತು ಹೊಲೀಬಹುದು."

ಅವಳು ಗಂಡನ ಮುಖ ನೋಡಿದಳು. ಇದನ್ನೂ ಅವನು ಯೋಚಿಸಿರಲಿಲ್ಲ. ಆದರೆ ಆಗ ಅವನ ಗಮನ ಅಲ್ಲಿರಲಿಲ್ಲ. ಗಾಜಿನ ಕೆಳಗಿನ ಅಂಚನ್ನು ಚೌಕಟ್ಟಿಗೆ ಹಿಡಿದವನು ಹಾಗೇ ನಿಂತುಬಿಟ್ಟಿದ್ದ. ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಓರೆ ಮಾಡಿದ. ಎಷ್ಟು ಕೊಸರಾಡಿದರೂ ಗಾಜು ಒಳಗೆ ಹೋಗಲಿಲ್ಲ. ಚೌಕಟ್ಟಿನ ಆಚೆ ಈಚೆ ಬೆರಳುಗಟ್ಟಲೆ ಹೊರಗೇ ಉಳಿಯಿತು.

"ದೊಡ್ಡದಾಗಿದೆ," ಅಂದ ಪುಕ್ಕಲ, ಕಣ್ಣು ಮುಚ್ಚಿಕೊಂಡು.

"ಹೇಗೆ ದೊಡ್ಡದಾಗುತ್ತೆ? ನಾನು ಕಳೆದಿದೀನಿ!" ಇಂಜಿನ್ನು ಗಾಜನ್ನು ಗೋಡೆಗೊರಗಿಸಿ, ಟೇಪು ಎಳೆದು ಚೌಕಟ್ಟು ಅಳೆದ. ಮತ್ತೆ ಅಳೆದ. "ನೀನು ಹೇಳಿದ ಅಳತೆ ಏನು? ಇಲ್ಲಿರೋದೇನು? ಇದು ಅಷ್ಟು ಇಲ್ವೇ ಇಲ್ಲ!"

"ಸರಿಯಾಗೇ ಹೇಳಿದೀನಿ," ಅಂದಳು ಅವಳು. "ಸುತ್ತ ಎರಡೆರಡು ಬೆರಳು ಜಾಸ್ತಿ ಬಿಟ್ಟು ಹೇಳಿದೀನಿ."

"ಎರಡು ಬೆರಳು ಯಾಕೆ?"

"ಹೊಲಿಗೆಗೆ ಬಿಡಬೇಡ್ವಾ?"

ಪುಕ್ಕಲ ಬಾಯಿಗೆ ಕೈ ಅಡ್ಡ ಹಿಡಿದ. ಅವಳೂ ಆ ಮಾತನ್ನು ಆಡಿದ ಮೇಲೆಯೇ ಕೇಳಿಸಿಕೊಂಡವಳ ಹಾಗೆ ನಿಂತಳು. ಜೀವನವೆಲ್ಲ ಬಟ್ಟೆಯ ಅಂಚಿಗೆ ಒಂದಿಷ್ಟು ಸೇರಿಸಿಯೇ ಹೇಳಿದ ಬಾಯಿ ಅದು.

"ಗಾಜನ್ನ ಯಾರಾದ್ರೂ ಹೊಲೀತಾರೇನೇ!" ಇಂಜಿನ್ನು ಕೂಗಿದ. ಅಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಒಮ್ಮೆಗೇ ಹೊರಗೆ ಬಂತು. "ಒಂದು ವರ್ಷ! ಒಂದು ವರ್ಷ ನಾಯಿ ಹಾಗೆ ನಾಲಿಗೆ ಚಾಚ್ಕೊಂಡು ಓಡಾಡಿದೀನಿ ಇದಕ್ಕೆ. ಎರಡು ಬೆರಳು ಬಿಟ್ಲಂತೆ! ಆಮೇಲೆ ಬಿಚ್ಚಿ ದೊಡ್ಡದು ಮಾಡೋಕೆ, ಕಿಟಕಿ ಏನು ಬೆಳೆಯೋ ಮಗೂನಾ?"

ಮಗು ಅನ್ನುವ ಮಾತು ಆ ಅರ್ಧ ಕೋಣೆಯಲ್ಲಿ ನಿಂತುಬಿಟ್ಟಿತು. ಪುಕ್ಕಲ ನೆಲ ನೋಡಿದ. ಇಂಜಿನ್ನಿಗೆ ತನ್ನ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸಿತು. ಅವಳು ಅಳಲಿಲ್ಲ. ಯಂತ್ರದ ಮೇಲೆ ಬಿದ್ದ ಹಲಗೆಯ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

"ಮತ್ತೆ ಕೂಡಿಹಾಕಿದ್ರಾಯ್ತು," ಎಂದಳು ಕೊನೆಗೆ. "ಅಷ್ಟೊತ್ತಿಗೆ ಅವಳು ಹೋಗಿರ್ತಾಳೆ. ಹೋಗ್ಲಿ ಬಿಡಿ."

ಇಂಜಿನ್ನಿನ ಕೈ ತನ್ನಷ್ಟಕ್ಕೆ ಅಂಗಿಯ ಕಿಸೆಗೆ ಹೋಯಿತು. ಅಲ್ಲಿ ಕಡ್ಡಿಪೆಟ್ಟಿಗೆ ಮಾತ್ರ ಇತ್ತು. ಪುಕ್ಕಲ ಅದನ್ನು ನೋಡಿ ತನ್ನ ಪ್ಯಾಕು ಚಾಚಿದ. ಈ ಸಲ ಅದರಲ್ಲಿ ಚೇಷ್ಟೆ ಇರಲಿಲ್ಲ. ಸಾವಿನ ಮನೆಯಲ್ಲಿ ನೀರು ಕೊಡುವ ಹಾಗೆ ಕೊಟ್ಟ. ಇಂಜಿನ್ನು ಒಂದನ್ನು ಎಳೆದುಕೊಂಡು ತುಟಿಗಿಟ್ಟು, ಗಾಳಿಗೆ ಬೆನ್ನಾಗಿ ಕಿಟಕಿಯ ಪಕ್ಕ ನಿಂತ. ಇನ್ನು ಯಾರಿಗಾಗಿ, ಯಾತಕ್ಕಾಗಿ? ಕಡ್ಡಿ ಗೀರಿದ.

ಆಗ ಗಂಟೆ ಹೊಡೆಯಿತು.

ಗೋಡೆಯ ಅಡ್ಡಿ ಇಲ್ಲದೆ, ಹಲಗೆಯ ಅಡ್ಡಿ ಇಲ್ಲದೆ, ಗಾಜಿನ ಅಡ್ಡಿಯೂ ಇಲ್ಲದೆ, ಇಡೀ ಶಾಲೆಯ ಗದ್ದಲ ಒಮ್ಮೆಗೇ ಆ ಕೋಣೆಯೊಳಗೆ ನುಗ್ಗಿತು. ಅವಳು ಒರೆಸುವುದನ್ನು ನಿಲ್ಲಿಸಿದಳು. ಕಾಲೆಳೆದುಕೊಂಡು ಬಂದು, ಕುರ್ಚಿಯನ್ನೂ ಹಾಕಿಕೊಳ್ಳದೆ, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಗಾಳಿಗೆ ಅವಳ ನರೆಗೂದಲು ಎದ್ದಿತು.

"ಹೊಗೆ ಬಿಡಬೇಡಿ ರೀ," ಅಂದಳು, ಅವನ ಕಡೆ ತಿರುಗದೆ. "ನನಗೆ ಮರೆಯಾಗುತ್ತೆ."

ಕಡ್ಡಿ ಅವನ ಬೆರಳವರೆಗೂ ಉರಿದು ಬಂತು. ಅವನು ಅದನ್ನು ಕೊಡವಿ ಬಿಸಾಡಿ, ತುಟಿಯಲ್ಲಿದ್ದುದನ್ನು ತೆಗೆದು ಪುಕ್ಕಲನ ಪ್ಯಾಕಿಗೇ ತುರುಕಿದ. ಅವಳ ಹೆಗಲ ಹಿಂದೆ ಬಂದು ನಿಂತ. ಕೆಳಗೆ ಮಕ್ಕಳು ಚೀಲಗಳನ್ನು ಮರದ ಬುಡಕ್ಕೆ ಎಸೆದು ಆಟಕ್ಕಿಳಿದಿದ್ದರು. "ನಾನಲ್ಲ ಎಲ್ಲಿ?" ಎಂದು ಅವಳು ತನ್ನಲ್ಲೇ ಗೊಣಗಿದಳು. "ಅಲ್ಲಿ, ಅಲ್ಲಿ ನೋಡಿ, ಕೈ ಕಾಲು ಬಡೀತಿದಾನಲ್ಲ, ಅವನೇ ಇರ್ಬೇಕು. ಅಯ್ಯೋ, ಎಷ್ಟು ಗುಂಡಗಿದಾನೆ!" ಪೀಪಿಯ ದನಿ ಇನ್ನೂ ಬಂದಿರಲಿಲ್ಲ. ಇಂದು ಬಂದಿಲ್ಲವೇನೋ ಎಂದು ಅವಳ ಮುಖ ಸಣ್ಣದಾಗುತ್ತಿರುವಾಗ, ಯಾರೋ ಬೀಸಿ ಹೊಡೆದ ಚೆಂಡು ಮೇಲಕ್ಕೆದ್ದಿತು.

"ಅಕ್ಕಾ!" ಎಂದು ಪುಕ್ಕಲ ಕೂತುಬಿಟ್ಟ. ಚೆಂಡು ಅವಳ ಕಿವಿಯ ಪಕ್ಕದಿಂದ ಒಳಗೆ ಬಂದು, ಕತ್ತರಿಸುವ ಮೇಜಿನ ಮೇಲೆ ಪುಟಿದು, ಗುಂಡುಸೂಜಿಯ ಡಬ್ಬಿಯನ್ನು ಉರುಳಿಸಿ, ಬಟ್ಟೆಯ ಗುಡ್ಡೆಯಲ್ಲಿ ಹೂತುಕೊಂಡಿತು. ಇಂಜಿನ್ನು ಅದನ್ನು ಹೆಕ್ಕಿ ಅವಳ ಕೈಗೆ ಕೊಟ್ಟ. ಹಸಿರು ಬಣ್ಣದ, ರೋಮ ಸವೆದ, ಬೆವರಿನಿಂದ ಒದ್ದೆಯಾದ ಚೆಂಡು.

ಕಿಟಕಿಯ ನೇರ ಕೆಳಗೆ ಒಬ್ಬ ಹುಡುಗಿ ಓಡಿ ಬಂದು ನಿಂತಳು. ಎತ್ತರದ, ದಪ್ಪ ಮೈಕಟ್ಟಿನ ಹುಡುಗಿ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು, ಒಂದು ಕಾಲುಚೀಲ ಹಿಮ್ಮಡಿಗೆ ಇಳಿದಿತ್ತು. ಲಂಗದ ಅಂಚಿನಲ್ಲಿ, ಒಳಗೆ ಬಿಟ್ಟ ಬಟ್ಟೆಯನ್ನು ಬಿಚ್ಚಿ ಉದ್ದ ಮಾಡಿದ ಹಳೆಯ ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ಹುಡುಗಿ ಕತ್ತೆತ್ತಿ, ಗೋಡೆಯಲ್ಲಿ ನಿನ್ನೆಯವರೆಗೂ ಹಲಗೆ ಬಡಿದಿದ್ದ ತೂತನ್ನೂ ಅದರಲ್ಲಿದ್ದ ಮುಖವನ್ನೂ ನೋಡಿ ಕನ್ನಡಕ ಸರಿಪಡಿಸಿಕೊಂಡಳು. ಆಮೇಲೆ ಬಾಯಿ ತೆರೆದಳು.

"ಅಜ್ಜೀ, ಬಾಲೂ!"

ಹೊಲಿಗೆಯವಳ ಬೆರಳುಗಳು ಚೆಂಡಿನ ಮೇಲೆ ಬಿಗಿಯಾದವು. ಮನಸ್ಸಿನಲ್ಲಿ ಅವಳು ಇಷ್ಟು ವರ್ಷ ಬೆಳೆಸಿದ್ದು ಎರಡು ಜಡೆಯ ಕಡ್ಡಿಯಂಥ ಒಂದು ಹುಡುಗಿಯನ್ನು.

"ಅವಳೇನಾ?" ಎಂದ ಇಂಜಿನ್ನು, ಅವಳ ಕಿವಿಯ ಹತ್ತಿರ.

ಅವಳು ಹುಡುಗಿಯ ಕಡೆಗೇ ಬಾಗಿದಳು. "ಕೇಳಿಸ್ಲಿಲ್ಲ," ಎಂದು ಕೆಳಗೆ ಕೂಗಿದಳು.

ಹುಡುಗಿ ಎರಡು ಕೈಯನ್ನೂ ಬಾಯಿಯ ಸುತ್ತ ಕಟ್ಟಿ, ಕಾಲ ಬೆರಳ ಮೇಲೆ ನಿಂತು, ಶಕ್ತಿಯೆಲ್ಲ ಬಿಟ್ಟು ಕಿರುಚಿದಳು. "ಅಜ್ಜೀ! ಬಾಲೂ!"

ಮರದಿಂದ ಹಕ್ಕಿಗಳು ಎದ್ದು ಹಾರಿದವು. ಪುಕ್ಕಲ ಕಿವಿ ಮುಚ್ಚಿಕೊಂಡ. ಗೋಡೆಗೊರಗಿಸಿದ್ದ ಗಾಜಿನಲ್ಲಿ ಕಿಟಕಿಯೂ ಅದರ ತುಂಬ ಬಿಸಿಲೂ ಬಿದ್ದಿತ್ತು.

ಅವಳು ಚೆಂಡನ್ನು ಎದೆಗೊತ್ತಿಕೊಂಡು, ಚೌಕಟ್ಟಿನಿಂದ ಇನ್ನಷ್ಟು ಹೊರಗೆ ಬಾಗಿ, ಕಿವಿಯ ಹಿಂದೆ ಕೈ ಇಟ್ಟಳು.

"ಏನಂದೆ ಪುಟ್ಟಾ? ಕೇಳಿಸ್ಲಿಲ್ಲ. ಇನ್ನೊಂದ್ಸಲ."